ಬ್ಯಾಡ್, ವರ್ಸ್, ವರ್ಸ್ಟ್

ಐಸಿಯು ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದದ್ದೇ ತಡ, ಬೆಂಚಿನಲ್ಲಿದ್ದ ದರ್ಜಿ ಹೆಂಗಸು ದಡಬಡನೆ ಎದ್ದಳು. ಅವಳ ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಮೂರು ದಿನದ ಹಿಂದೆ ಎರಡನೇ ಮಹಡಿಯ ಎತ್ತರದಿಂದ ಬಿದ್ದಿದ್ದ. ಹೊಟ್ಟೆಯೊಳಗೆ ರಕ್ತ ಸೋರಿ ಆಪರೇಷನ್ ಆಗಿತ್ತು; ಬೆಳಿಗ್ಗೆ ನೋಡಿದಾಗಲೂ ಕಣ್ಣು ಬಿಟ್ಟಿರಲಿಲ್ಲ. ಅವನನ್ನು ನೋಡುತ್ತಿದ್ದ ಡಾಕ್ಟರು ರಜೆಯಲ್ಲಿದ್ದರು. ಈಕೆ ಹೊಸಬರು, ಆಡುವುದೆಲ್ಲ ಇಂಗ್ಲಿಷೇ. ನಿಂತ ನಿಲುವಿನಲ್ಲೇ ಎರಡು ಮಾತು ಹೇಳಿ, ಅವಳ ಭುಜ ತಟ್ಟಿ, ಪಕ್ಕದ ವಾರ್ಡಿಗೆ ನಡೆದುಬಿಟ್ಟರು.

ಅಷ್ಟರಲ್ಲಿ ಅವಳ ಕಿವಿಗೆ ಸರಿಯಾಗಿ ಬಿದ್ದದ್ದು ಎರಡೇ ಪದ: ‘ವರ್ಸ್ಟ್’, ‘ಓವರ್’.

ಗೊತ್ತಿಲ್ಲದ ಪದಗಳಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು. ಗೊತ್ತಿದ್ದದ್ದೇ ಕಷ್ಟವಾಯಿತು. ಮಗಳು ಪಾಠ ಓದುವಾಗ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅವಳೂ ಕಲಿಯುತ್ತಿದ್ದಳು. ಹೋದ ವಾರವಷ್ಟೇ ಮಗಳು ವಿವರಿಸಿದ್ದಳು: “ಅಮ್ಮಾ, ಚಿಕ್ಕ ಪದಕ್ಕೆ ಒಂದು ಬಾಲ ಅಂಟಿಸಿದ್ರೆ ಸಾಕು. ಟಾಲ್, ಟಾಲರ್, ಟಾಲೆಸ್ಟ್. ಉದ್ದ ಪದಕ್ಕೆ ಮುಂದೆ ಮೋರ್, ಮೋಸ್ಟ್ ಹಾಕ್ಬೇಕು. ಬ್ಯಾಡ್ ಮಾತ್ರ ಹೇಳಿದ ಮಾತು ಕೇಳಲ್ಲ. ಬ್ಯಾಡ್ ಅಂದ್ರೆ ಕೆಟ್ಟದ್ದು, ವರ್ಸ್ ಅಂದ್ರೆ ಅದಕ್ಕಿಂತ ಕೆಟ್ಟದ್ದು, ವರ್ಸ್ಟ್ ಅಂದ್ರೆ ಎಲ್ಲಕ್ಕಿಂತ ಕೆಟ್ಟದ್ದು. ಅದರ ಮುಂದೆ ಇನ್ನೇನೂ ಇಲ್ಲ.”

ಇನ್ನೇನೂ ಇಲ್ಲ. ಓವರ್ ಅಂದರೆ ಮುಗಿಯಿತು. ಭುಜ ತಟ್ಟಿದ್ದು ಅದಕ್ಕೇ.

ಗಂಡನ ಅಣ್ಣನಿಗೆ ಫೋನ್ ಹಚ್ಚಿದಳು. “ಭಾವಾ, ಬೇಗ ಹೊರಟು ಬನ್ನಿ. ಎಲ್ಲಾ ಮುಗಿದು ಹೋಯ್ತಂತೆ.” ಆ ಕಡೆ ಏನೋ ಕೆಳಗೆ ಬಿದ್ದ ಸದ್ದು ಕೇಳಿಸಿತು. ಮಗಳಿಗೆ ಹೇಗೆ ಹೇಳುವುದು? ಅವಳು ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

ಔಷಧಿಯ ತಟ್ಟೆ ಹಿಡಿದು ಬಂದ ನರ್ಸ್ ಗಾಬರಿಯಾಗಿ ಬಗ್ಗಿದಳು. “ಯಾಕಮ್ಮಾ, ಏನಾಯ್ತು?”

“ಸಿಸ್ಟರ್, ವರ್ಸ್ಟ್ ಅಂದ್ರೆ ಎಲ್ಲಕ್ಕಿಂತ ಕೆಟ್ಟದ್ದು ಅಂತ ತಾನೇ?”

“ಹೌದು.”

ಕೊನೆಯ ಆಸೆಯೂ ಹೋಯಿತು. ಸೆರಗಿಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. “ಡಾಕ್ಟರಮ್ಮ ಅದನ್ನೇ ಅಂದ್ರು ಸಿಸ್ಟರ್. ವರ್ಸ್ಟ್... ಓವರ್...”

ನರ್ಸ್ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಅವಳ ಎದುರಿಗೇ ನೆಲದ ಮೇಲೆ ಕೂತಳು. “ಅಯ್ಯೋ, ನಿಮ್ಮ! ಅವರು ಅಂದಿದ್ದು ‘ದ ವರ್ಸ್ಟ್ ಈಸ್ ಓವರ್’ ಅಂತ. ಎಲ್ಲಕ್ಕಿಂತ ಕೆಟ್ಟದ್ದು ಯಾವುದಿತ್ತೋ, ಅದು ಮುಗೀತು. ಕಂಟಕ ಕಳೀತು ಅಂತಮ್ಮಾ! ನಿಮ್ಮ ಯಜಮಾನ್ರು ಕಣ್ಣು ಬಿಟ್ಟು ಅರ್ಧ ಗಂಟೆ ಆಯ್ತು.”

ಅವಳಿಗೆ ಇನ್ನೊಮ್ಮೆ ಹೇಳಿಸಿಕೊಂಡರೂ ಸಾಲಲಿಲ್ಲ. ಮೂರನೇ ಸಲ ಕೇಳಿದ ಮೇಲೆ ಎದೆಯ ಮೇಲಿನ ಬಂಡೆ ಸರಿದಂತಾಗಿ ಉಸಿರು ಬಿಟ್ಟಳು. ಮತ್ತೆ ಭಾವನಿಗೆ ಫೋನ್ ಮಾಡಿ ತಡವರಿಸುತ್ತಾ ವಿಷಯ ತಿಳಿಸಿದಳು. ಮೊದಲು ಅವನು ಗೊಳೋ ಎಂದು ಅತ್ತ. ಆಮೇಲೆ ಬೈದ. “ನಿನ್ನ ಇಂಗ್ಲಿಷ್‌ಗೆ ಬೆಂಕಿ ಬೀಳ! ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ! ಆಗ್ಲೇ ಬಸ್ ಹತ್ತಿದೀನಿ, ಇರು, ಬಂದು ಅವನ ಮುಖ ನೋಡ್ಕೊಂಡೇ ಹೋಗ್ತೀನಿ.”

ನರ್ಸ್ ಎರಡು ನಿಮಿಷಕ್ಕೆ ಅಂತ ಒಳಗೆ ಬಿಟ್ಟಳು. ಮೂಗಿನಲ್ಲಿ ನಳಿಗೆ, ಒಣಗಿದ ತುಟಿ, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ನೀಲಿ ಬಣ್ಣ. ಅವಳು ಮಂಚದ ಪಕ್ಕ ನಿಂತು ಅವನ ಕೈ ಹಿಡಿದುಕೊಂಡಳು.

ಅವನು ಕೆದರಿದ ಅವಳ ಕೂದಲನ್ನು, ಊದಿದ ಕಣ್ಣುಗಳನ್ನು ನಿಧಾನವಾಗಿ ನೋಡಿದ. ಆಮೇಲೆ ಪಿಸುಗುಟ್ಟಿದ.

“ಬಿದ್ದಿದ್ದು ನಾನು. ನೀನ್ಯಾಕೆ ನನಗಿಂತ ಕೆಟ್ಟದಾಗಿ ಕಾಣ್ತಿದ್ದೀಯ?”