ಟೀಚರ್ ಕೇಳಿದ ಕೊನೆಯ ಪ್ರಶ್ನೆ

"ಪ್ರೋಗ್ರಾಂ ಮುಗಿಯುವವರೆಗೆ ನೀನು ಈ ಕೋಣೆಯಿಂದ ಹೊರಗೆ ತಲೆ ಹಾಕಬೇಡ ಮಾರಾಯ," ಎಂದು ಸಂದೇಶ್ ಬಾಗಿಲೆಳೆದ. "ಎಷ್ಟು ಓದಿದ್ದು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತಿ?"

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಸುಹೈಬ್ ಹಲ್ಲು ಕಚ್ಚಿದ. ವೇದಿಕೆಯ ಹಿಂದಿನ ಆ ಕೋಣೆಯಲ್ಲಿ ಫ್ಯಾನ್ ಕೂಡ ಹಾಕುವಂತಿರಲಿಲ್ಲ, ಸದ್ದಾಗುತ್ತದಂತೆ. ಮೇಜಿನ ಮೇಲೊಂದು ಲ್ಯಾಪ್‌ಟಾಪ್; ಅದರಲ್ಲಿ ಸಭೆ ಕಾಣುತ್ತಿತ್ತು. ಪಕ್ಕದಲ್ಲಿ ಅಕ್ಕ ಕಟ್ಟಿಕೊಟ್ಟ ಟಿಫಿನ್.

ಮೂಡುಬಿದಿರೆಯಲ್ಲಿ ವರ್ಷಕ್ಕೊಮ್ಮೆ ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನ. ವರ್ಷಕ್ಕೊಂದು ಹೊಸತು. ಎರಡು ವರ್ಷದ ಹಿಂದೆ ಕನ್ನಡಕ ತೋರಿಸಿದರು. ಹಾಕಿಕೊಂಡರೆ ಕುಳಿತಲ್ಲೇ ಊರು ಸುತ್ತಬಹುದಂತೆ. ಅದನ್ನು ಹಾಕಿಕೊಂಡ ಒಬ್ಬನೂ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಿಲ್ಲ. ಕಳೆದ ವರ್ಷ ತನ್ನಷ್ಟಕ್ಕೆ ತಾನೇ ಪ್ರೋಗ್ರಾಂ ಬರೆಯುವ ಪ್ರೋಗ್ರಾಂ. ಅದಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಈ ಸಲ ಕೆಲಸ ಹುಡುಕುತ್ತ ಬಂದಿದ್ದರು. ಈ ವರ್ಷ ಮಾತು. ಊರಿನವರ ಹಾಗೆಯೇ ಮಾತಾಡುವ ಯಂತ್ರ. ಸಂದೇಶ್ ಅದಕ್ಕೆ 'ಜೊತೆಗಾರ' ಎಂದು ಹೆಸರಿಟ್ಟಿದ್ದ.

ಮೆಲ್ಕಾರಿನಲ್ಲಿ ಸಂದೇಶನದೊಂದು ಕಾಲ್ ರೂಮು. ಬಸ್ಸಿನ ಹೊತ್ತು, ಡಾಕ್ಟರ ಟೋಕನ್ ಕೇಳುವವರಿಗೆ ಸುಹೈಬ್, ಅವನ ಅಕ್ಕ ಸಬೀಹಾ, ಇನ್ನೂ ಆರು ಜನ ದಿನವಿಡೀ ಫೋನಿನಲ್ಲಿ ಉತ್ತರ ಹೇಳುತ್ತಾರೆ. ಜೊತೆಗಾರ ಇವತ್ತು ಎಡವಿದರೆ ಸೋಮವಾರದಿಂದ ಆ ರೂಮಿಗೆ ಬೀಗ. ಗೆದ್ದರೆ ದೊಡ್ಡ ಕಂಪನಿಯೊಂದು ಕೈ ಹಿಡಿಯುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ. ಹಾಗೆಂದು ಸಂದೇಶ್ ಮಾತು ಕೊಟ್ಟಿದ್ದ. ಒಂದು ಯಂತ್ರದ ನಾಲಗೆಯ ಮೇಲೆ ಎಂಟು ಜನರ ಅನ್ನ. ನೆನೆದರೆ ಸುಹೈಬನಿಗೆ ಮೈ ಉರಿಯುತ್ತಿತ್ತು. ಈಗ ಉರಿಯಲಿಕ್ಕೂ ತ್ರಾಣವಿರಲಿಲ್ಲ. ಬೆಳಿಗ್ಗೆ ಆರರಿಂದ ರಿಹರ್ಸಲ್ ಮೇಲೆ ರಿಹರ್ಸಲ್. ಈಗ ಗಂಟೆ ಮೂರು.

ಪರೀಕ್ಷಿಸಲು ವೇದಿಕೆ ಹತ್ತಿದವರು ಬೆಳ್ತಂಗಡಿಯ ನಿವೃತ್ತ ಶಿಕ್ಷಕಿ.

"ನಾನು ಮನೋರಮಾ ಟೀಚರ್. ಗುರುವಾಯನಕೆರೆಯಲ್ಲಿ ಇಳಿದ್ರೆ ಮೂಡುಬಿದಿರೆಗೆ ಬಸ್ ಉಂಟಾ?"

ಒಂದು ಕ್ಷಣ ಬಿಟ್ಟು ಸ್ಪೀಕರಿನಿಂದ ಉತ್ತರ ಬಂತು. "ಉಂಟು ಟೀಚರ್. ಆದ್ರೆ ಸೀಟಿನ ಆಸೆ ಇಟ್ಕೊಳ್ಬೇಡಿ. ಕಾಲೇಜು ಬಿಡುವ ಹೊತ್ತು."

ಸಭೆ ನಕ್ಕಿತು.

"ನನ್ನ ಗಂಟು ನೋವಿಗೆ ಯಾವ ಮಾತ್ರೆ ತಗೊಳ್ಳಲಿ?"

"ಅದು ಡಾಕ್ಟ್ರು ಹೇಳ್ಬೇಕು. ಟೋಕನ್ ಬೇಕಾದ್ರೆ ಈಗಲೇ ಮಾಡಿಸ್ತೇನೆ."

ಸಂದೇಶನ ಮುಖ ಅರಳಿತು. ಟೀಚರ್ ಮೈಕ್ ಹಿಂದೆ ಕೊಡಲು ಹೋಗಿ ನಿಂತರು. ಈ ಕಡೆಯವರು ಯಾರ ಜೊತೆ ಮಾತಾಡಿದರೂ ಇದೊಂದನ್ನು ಕೇಳದೆ ಹೊರಡುವುದಿಲ್ಲ.

"ಆಯ್ತು ಮಗ. ನಿನ್ನದು ಊಟ ಆಯ್ತಾ?"

"ಇಲ್ಲ ಟೀಚರ್, ಇನ್ನೂ ಆಗ್ಲಿಲ್ಲ. ನಿಮ್ಮದು?"

ಸಭೆಯವರು ಮುಖ ಮುಖ ನೋಡಿಕೊಂಡರು. ಯಂತ್ರಕ್ಕೆ ಊಟವೇ? ಸಂದೇಶನ ಮುಖ ಸುಣ್ಣದ ಹಾಗಾಯಿತು. ಸುಹೈಬನಿಗೆ ಸೋಮವಾರದ ಬೀಗ, ಅದರ ಮುಂದೆ ನಿಂತ ಅಕ್ಕ ಕಣ್ಣಿಗೆ ಕಟ್ಟಿದರು.

ಆಗ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಸಭೆಗೆ ಸಭೆಯೇ ಎದ್ದು ನಿಂತಿತು. ದೊಡ್ಡ ಕಂಪನಿಯವರು ವೇದಿಕೆಗೆ ಬಂದು ಸಂದೇಶನ ಕೈ ಕುಲುಕಿದರು. "ಮನೆಯವರ ಹಾಗೇ ಮಾತಾಡ್ತದಲ್ಲ ಮಾರಾಯ್ರೆ. ಇದರ ಹಿಂದೆ ಎಷ್ಟು ಜನ ಇದ್ದಾರೆ?"

"ಯಾರೂ ಇಲ್ಲ ಸರ್," ಎಂದ ಸಂದೇಶ್.

ಗೋಡೆಯ ಈಚೆ ಸುಹೈಬ್ ತನ್ನ ಬಾಯಿಯ ಮುಂದಿದ್ದ ಮೈಕನ್ನು ಆಫ್ ಮಾಡಿದ, ಫ್ಯಾನ್ ಹಾಕಿದ, ಟಿಫಿನ್ ಬಿಚ್ಚಿದ.