ಹೊಂದದ ರ‍್ಯಾಮ್

ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯವಳಿಂದ ಮತ್ತೆ ಫೋನ್ ಬಂತು. ರಿಪೇರಿಯ ಚಿದಾನಂದ ಸ್ಕ್ರೂಡ್ರೈವರ್ ಜೇಬಿಗಿಳಿಸಿ ಅಲ್ಲಿಗೆ ಹೊರಟ. ಅವಳ ಕಂಪ್ಯೂಟರಿನ ಹಳೆಯ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಪಕ್ಕಕ್ಕೆ ಬೇರೆ ಕಂಪನಿಯ, ಬೇರೆ ವೇಗದ ರ‍್ಯಾಮ್ ಕೂರಿಸಿದ್ದವನು ಅವನೇ, ಅದೂ ಬೇಕಂತಲೇ. ಎರಡೂ ಹೊಂದದೆ ಕಂಪ್ಯೂಟರ್ ಹ್ಯಾಂಗ್ ಆದರೆ ಅವಳು ತನ್ನನ್ನೇ ಕರೆಯಬೇಕಲ್ಲ, ಅವಳ ಮುಖ ನೋಡಬಹುದಲ್ಲ! ಕರೆದಳು, ಮತ್ತೆ ಮತ್ತೆ ಕರೆದಳು. ಪ್ರತಿಸಲವೂ ಕ್ಯಾಬಿನೆಟ್ ಬಿಚ್ಚದೆ, ಏನೇನೋ ಒತ್ತಿ, ಟೀ ಕುಡಿದು ಬರುತ್ತಿದ್ದ. ಆದರೆ ಅವಳ ಗಿರಾಕಿಗಳು ಬಯ್ದುಕೊಂಡು ಎದುರಂಗಡಿಗೆ ಹೋಗುವುದನ್ನು ಕಂಡಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಟೀ ತರಿಸ್ಲಾ?" ಎಂದಳು.

"ಬೇಡ್ರೀ. ತಪ್ಪು ನಂದೇ. ನಾನು ಹಾಕಿದ ರ‍್ಯಾಮ್ ಇದಕ್ಕೆ ಹೊಂದಲ್ಲ. ಗೊತ್ತಿದ್ದೇ ಹಾಕ್ದೆ. ಈಗ್ಲೇ ತೆಗೀತೀನಿ."

ಅವನು ತಲೆ ತಗ್ಗಿಸಿಕೊಂಡೇ ಕ್ಯಾಬಿನೆಟ್ ಬಿಚ್ಚಿದ. ಹಳೆಯದರ ಪಕ್ಕದಲ್ಲಿದ್ದದ್ದು ಅವನು ಹಾಕಿದ್ದ ರ‍್ಯಾಮ್ ಅಲ್ಲ.

"ಇದನ್ಯಾರು ಹಾಕಿದ್ದು?"

ಅವಳು ಮೇಜಿನ ಡ್ರಾಯರ್ ಎಳೆದು, ಅವನ ರ‍್ಯಾಮನ್ನು ಅವನ ಕೈಗಿಟ್ಟಳು.

"ನಾನೇ. ನೀವು ಹಾಕಿದ್ದು ಹೊಂದ್ಕೊಂಡ್ಬಿಟ್ಟಿತ್ತು, ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ. ಮತ್ತೆ ನಿಮ್ಮನ್ನ ಕರೆಸೋದು ಹೇಗೆ?"