ತಂಪು ಮನೆ

ನೀರು ಕುಡಿಯಲು ಕತ್ತೆತ್ತಿದ ಬೋರಯ್ಯ ಚೊಂಬನ್ನು ಹಾಗೇ ಕೆಳಗಿಟ್ಟ. ತಲೆಯ ಮೇಲೆ, ಅಟ್ಟಕ್ಕೆ ಹಾಸಿದ ಅಡಕೆ ಮರದ ದಬ್ಬೆಗಳ ಸಂದಿಯಿಂದ ಗೇಣುದ್ದದ ಒಂದು ಬೇರು ಇಳಿಬಿದ್ದಿತ್ತು. ಸಣ್ಣ ಹಗ್ಗದ ದಪ್ಪ, ಕಂದು ಬಣ್ಣ, ತುದಿ ಮಾತ್ರ ಹಾಲಿನಂತೆ ಬಿಳಿ. ತೋಟದಲ್ಲಿ ಗುದ್ದಲಿಗೆ ಎಷ್ಟೋ ಸಲ ಸಿಕ್ಕ ತೆಂಗಿನ ಬೇರೇ ಅದು. ಊಟದ ಮನೆಯಲ್ಲಿ ಕಂಡದ್ದು ಇದೇ ಮೊದಲು.

"ಲೇ ಗಂಗರಾಜು, ಅಟ್ಟ ಹತ್ತಿ ನೋಡ್ಲಾ."

ಮಗ ಏಣಿ ಹಾಕಿ, ಅಟ್ಟದ ಬಾಗಿಲು ತೆಗೆದು ತಲೆ ತೂರಿಸಿದವನು ಅಲ್ಲೇ ನಿಂತುಬಿಟ್ಟ.

"ಏನ್ಲಾ, ಇಲಿನಾ?"

"ಇಲಿ ಅಲ್ಲ ಕಣಪ್ಪ." ಅವನು ಕೆಳಗೆ ತಿರುಗಿದ. "ತೋಟ. ಒಳಗೆ ತೋಟ ಎದ್ದೈತೆ."

ಗಂಗರಾಜುವಿನ ಹೆಂಡತಿ ನಯನ ಏಣಿಗೆ ಕೈ ಹಾಕಿದಳು. "ಬಸ್ರಿ ಹೆಂಗ್ಸು, ನೀ ಹತ್ಬ್ಯಾಡ ಕಣವ್ವ!" ಎಂದು ಅತ್ತೆ ರಾಮಲಕ್ಷ್ಮಮ್ಮ ಅವಳ ತೋಳು ಹಿಡಿದು ಎಳೆದಳು. ಆ ಹಿಡಿತದಲ್ಲಿ ಕಾಳಜಿಗಿಂತ ಗಾಬರಿ ಹೆಚ್ಚಿತ್ತು. ನಯನ ಬಿಡಿಸಿಕೊಂಡು ಹತ್ತಿದಳು. ಈ ಮನೆಯ ನಕ್ಷೆ ಬರೆದವಳು ಅವಳೇ.

ದಬ್ಬೇಘಟ್ಟದ ಅವರ ತೆಂಗಿನ ತೋಟದಲ್ಲಿ ಒಂದು ಮರವನ್ನೂ ಕಡಿಯದೆ, ಸಾಲುಗಳ ನಡುವೆ ಮನೆಯನ್ನು ಕೂರಿಸಿದ್ದಳು. ಗೋಡೆಗೆ ತೋಟದ್ದೇ ಮಣ್ಣು. ಊಟದ ಮನೆಗೆ ಅಂಟಿಕೊಂಡಂತೆ ಒಂದು ಕೊಳ. ನೀರಿನ ಮೇಲಿಂದ ಬಂದ ಗಾಳಿ ಮನೆಯನ್ನು ತಣಿಸಿ, ದಬ್ಬೆಗಳ ಸಂದಿಯಲ್ಲಿ ಮೇಲೆದ್ದು, ಅಟ್ಟದ ಕಿಂಡಿಗಳಿಂದ ಹೊರಬೀಳಬೇಕು. ಹಾಗೇ ಬೀಳುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲೂ ಫ್ಯಾನ್ ಬೇಡದ ಮನೆ ನೋಡಲು ತುರುವೇಕೆರೆಯಿಂದ, ತಿಪಟೂರಿನಿಂದ ಜನ ಬಂದಿದ್ದರು. "ಹೊಗೆ ಕುಡ್ದು ಸಾಕಾಗಿತ್ತು ಕಣ್ರೀ, ನನ್ ಸೊಸೆ ಸ್ವರ್ಗ ಕಟ್ಟವ್ಳೆ" ಎಂದು ಬೋರಯ್ಯ ಬಂದವರಿಗೆಲ್ಲ ಹೇಳಿದ್ದ. ವರ್ಷದ ಕಾಯಿಯನ್ನೆಲ್ಲ ಹಳೆಯ ಮನೆಯ ರೂಢಿಯಂತೆ ಇಲ್ಲೂ ಅಟ್ಟಕ್ಕೇರಿಸಿದ್ದರು. ಅಲ್ಲೇ ಒಣಗಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗಿ ಇಳಿಯಬೇಕು; ಸಂಸಾರ ನಡೆಯುವುದು ಅದರಿಂದ. ಹಳೆಯ ಮನೆಯಲ್ಲಿ ಅಟ್ಟದ ಕೆಳಗೆ ಒಲೆ ಉರಿಯುತ್ತಿತ್ತು. ಇಲ್ಲಿ ಕೊಳವಿತ್ತು.

ನಯನಳ ಮುಖಕ್ಕೆ ಮೊದಲು ಬಡಿದದ್ದು ವಾಸನೆ, ಮಳೆ ನಿಂತ ಮೇಲಿನ ತೋಟದ್ದು. ಆಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಗೋಡೆಯಿಂದ ಗೋಡೆಗೆ ಕಾಯಿಗಳೆಲ್ಲ ಮೊಳೆತಿದ್ದವು. ಬಿಳಿಚಿದ ಮೊಳಕೆಗಳು ಒಂದೂ ಬಿಡದಂತೆ ಗಾಜಿನ ಹೆಂಚಿನ ಕಡೆಗೆ ಬಾಗಿದ್ದವು. ಕೆಲವು ಪಕ್ಕದ ಹೆಂಚನ್ನೆತ್ತಿ ಹೊರಗೆ ಇಣುಕಿದ್ದವು. ಜನಕ್ಕೆ ತಂಪಾಗಿದ್ದ ಗಾಳಿ ಕಾಯಿಗೆ ತೇವವಾಗಿತ್ತು. ತಾವಿರುವುದು ಮಣ್ಣಿನಲ್ಲಲ್ಲ, ಮನೆಯಲ್ಲಿ ಎಂದು ಅವಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು.

ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಕಾಯಿಯನ್ನು ಯಾರೋ ನೆಟ್ಟಗೆ ನಿಲ್ಲಿಸಿದ್ದರು. ಮೈಗೆಲ್ಲ ಅರಿಶಿನ ಕುಂಕುಮ, ಬುಡದಲ್ಲಿ ಬಾಡಿದ ಸೇವಂತಿಗೆ.

"ಅತ್ತೆ, ನಿಮಗೆ ಗೊತ್ತಿತ್ತಾ?"

ರಾಮಲಕ್ಷ್ಮಮ್ಮ ಮೇಲೆ ನೋಡಲಿಲ್ಲ. "ನೀನು ಬಸ್ರಿ ಅಂತ ತಿಳಿದ್ ವಾರ್ದಲ್ಲೇ ಕಣವ್ವ. ಇಲಿ ಬಿದ್ದವೇನೋ ಅಂತ ಹತ್ತಿದ್ದೆ. ಒಂದೇ ಒಂದು ಮೊಳ್ತಿತ್ತು. ಕಳಸದ ಕಾಯಿ ಮೊಳ್ತಂಗೆ, ಒಳ್ಳೇದು ಅಂತ ಕುಂಕುಮ ಇಟ್ಟೆ. ಬಾಯಿ ಬುಟ್ರೆ ಫಲ ಹೋಯ್ತದೆ ಅಂತ ಯಾರ್ಗೂ ಹೇಳ್ಲಿಲ್ಲ."

"ಎರಡನೇದು ಮೊಳ್ತಾಗ್ಲಾದ್ರೂ ಹೇಳ್ಬಾರ್ದೇನೇ?" ಬೋರಯ್ಯ ಕೂಗಿದ.

"ಅವಳಿಜವಳಿ ಅಂದ್ಕೊಂಡೆ ಕಣ್ರೀ."

"ಮೂರನೇದು?"

"ಭಯ ಆಯ್ತು. ಆಮ್ಯಾಕೆ ಹತ್ತಲೇ ಇಲ್ಲ."

ಸೊಸೆ ಇಳಿದ ಮೇಲೆ ಬೋರಯ್ಯ ತಾನೇ ಹತ್ತಿದ. ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದ. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗುಡುಗುಡು ಅನ್ನಬೇಕು. ಸದ್ದಿಲ್ಲ. ಇನ್ನೊಂದು. ಮತ್ತೊಂದು. ಇಡೀ ಅಟ್ಟ ಮೂಕವಾಗಿತ್ತು.

"ಸಸಿ ಅಂತ ಮಾರ್ಬುಡಾನ ಕಣಪ್ಪ," ಎಂದ ಗಂಗರಾಜು.

"ಬಿಸ್ಲು ಕಾಣದ ಬಿಳ್ಚಿಗಳು ಕಣ್ಲಾ, ನೆಟ್ಟ ದಿನವೇ ಸಾಯ್ತವೆ." ಬೋರಯ್ಯ ಕೈಗೆ ಸಿಕ್ಕ ನಾಲ್ಕಾರು ಕಾಯಿ ಕೆಳಕ್ಕೆಸೆದು ಇಳಿದು ಬಂದ. "ಇವತ್ತೇ ಒಡುದ್ರೆ ಎಣ್ಣೆಗಾದ್ರೂ ಒಂದಿಷ್ಟು ದಕ್ತದೆ. ಬುಟ್ರೆ ಮೊಳ್ಕೆನೇ ತಿಂದು ಮುಗಿಸ್ತದೆ. ಮಚ್ಚು ತಗೊಂಡ್ ಬಾ."

"ಬಸ್ರಿ ಇರೋ ಮನೇಲಿ ಮೊಳ್ಕೆ ಕಡೀಬ್ಯಾಡ್ರೀ!" ರಾಮಲಕ್ಷ್ಮಮ್ಮ ಕಾಯಿಗಳಿಗೆ ಅಡ್ಡ ನಿಂತಳು. "ನಿಮ್ ಕಾಲಿಗ್ ಬೀಳ್ತೀನಿ."

ಅಪ್ಪ ಮಗ ಇಬ್ಬರೂ ನಯನಳ ಕಡೆ ತಿರುಗಿದರು.

"ಒಡೀರಿ ಮಾವ," ಎಂದಳು ಅವಳು. "ಅದು ಬರೀ ಕಾಯಿ."

ಮಗ ತಂದ ಮಚ್ಚಿನಿಂದ ಬೋರಯ್ಯ ಮಟ್ಟೆ ಸುಲಿದು, ಚಿಪ್ಪಿನ ನಡುವಿಗೆ ಒಂದೇಟು ಹಾಕಿದ. ಕಾಯಿ ಎರಡು ಹೋಳಾಯಿತು. ನೀರು ಚೆಲ್ಲಲಿಲ್ಲ. ತಿರುಳು ರಟ್ಟಿನಷ್ಟು ತೆಳುವಾಗಿ ಚಿಪ್ಪಿಗಂಟಿತ್ತು. ಉಳಿದ ಜಾಗದ ತುಂಬ ಮೊಳಕೆಯ ಬುಡ ಊದಿ, ಮೆತ್ತನೆಯ, ಬೆಳ್ಳನೆಯ ಉಂಡೆಯಾಗಿ ಒತ್ತಿಕೊಂಡು ಕೂತಿತ್ತು. ಮಚ್ಚು ತಾಗಿದ ಕಡೆ ಸಣ್ಣಗೆ ಜಿನುಗುತ್ತಿತ್ತು. ಹುಡುಗನಾಗಿದ್ದಾಗ ಇಂಥದ್ದನ್ನು ಆಸೆಪಟ್ಟು ತಿಂದವನೇ ಬೋರಯ್ಯ. ಈಗ ಅದನ್ನು ನೋಡಿದ, ಕಣ್ಣು ಮುಚ್ಚಿ ನಿಂತ ಹೆಂಡತಿಯನ್ನು ನೋಡಿದ, ಮಚ್ಚನ್ನು ಸೊಸೆಯ ಕಾಲ ಬಳಿ ನೆಲಕ್ಕಿಟ್ಟ.

"ನನ್ ಕೈಲಾಗಲ್ಲ ಕಣವ್ವ. ಬರೀ ಕಾಯಿ ಅಂದೋಳು ನೀನು, ಮುಂದಿಂದು ನೀನೇ ಒಡಿ."

ನಯನ ಬಗ್ಗಿ ಮಚ್ಚು ಎತ್ತಿಕೊಂಡಳು. ಕಾಯಿ ಹಿಡಿಯಬೇಕಾದ ಎಡಗೈ ಮಾತ್ರ ಹೊಟ್ಟೆಯ ಮೇಲಿಂದ ಏಳಲಿಲ್ಲ.